ತೂದಾ ಅತ್ತೆ ನೋಡಿದ ಕೈಗಳು

ನನ್ನ ಅಪ್ಪನನ್ನು ಮೊದಲ ಸಲ ಕುಡುಕ ಎಂದು ಕರೆದದ್ದು ಅವರ ಸ್ವಂತ ತಂಗಿ. ಅದೂ ಅವರ ಮುಖಕ್ಕೇ, ಗಣಿಯ ಆಸ್ಪತ್ರೆಯ ಕೋಣೆಯಲ್ಲಿ, ಹೊರಗೆ ಸಾಲು ನಿಂತಿದ್ದ ಹನ್ನೆರಡು ಜನರ ಕಿವಿಗೆ ಬೀಳುವ ಹಾಗೆ. ಅಪ್ಪ ಜನ್ಮದಲ್ಲಿ ಒಂದು ಹನಿ ಸಾರಾಯಿ ಮುಟ್ಟಿದವರಲ್ಲ. ತೂದಾ ಅತ್ತೆಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು, ಯಾಕೆಂದರೆ ಹೇಳುವುದೇ ಅವಳ ಉದ್ಯೋಗವಾಗಿತ್ತು.

ಅವಳು ದುಭಾಷಿ. ಡಾಕ್ಟರ್ ಫೂರ್ನೆಲ್ ಫ್ರೆಂಚಿನಲ್ಲಿ ಅಂದದ್ದನ್ನು ನಮ್ಮ ಬೆಟ್ಟದ ಭಾಷೆಗೆ ತಿರುಗಿಸಿ ಗಣಿಯಾಳುಗಳಿಗೆ ಹೇಳುವುದು, ಅವರು ಅಂದದ್ದನ್ನು ಅವನಿಗೆ ಹೇಳುವುದು. ಈ ಎರಡನೆಯದಕ್ಕೆ ಹೆಚ್ಚು ಕೆಲಸವಿರಲಿಲ್ಲ.

ಅತ್ತೆಗೆ ಫ್ರೆಂಚ್ ಬಂದದ್ದು ಕಪಾಳಕ್ಕೆ ತಿಂದು. ಹದಿನೈದಕ್ಕೆ ಮದುವೆಯಾಗಿ, ನಾಲ್ಕು ವರ್ಷ ಮಕ್ಕಳಾಗಲಿಲ್ಲವೆಂದು ಗಂಡ ಹೇಸರಗತ್ತೆಯ ಮೇಲೆ ಕೂರಿಸಿ ತವರಿಗೆ ಕಳಿಸಿದ. ತಾತ ಅವಳನ್ನು ಕಣಿವೆಯ ಫ್ರೆಂಚ್ ಅಧಿಕಾರಿಯ ಮನೆಯ ಅಡಿಗೆ ಕೆಲಸಕ್ಕೆ ಸೇರಿಸಿದರು. ಆ ಮನೆಯ ಹೆಂಗಸು ಒಂದು ಮಾತನ್ನು ಎರಡನೇ ಸಲ ಹೇಳುವ ಮೊದಲು ಕೈ ಎತ್ತುತ್ತಿದ್ದಳಂತೆ. ಹಾಗಾಗಿ ಮೊದಲನೇ ಸಲಕ್ಕೇ ಅರ್ಥ ಮಾಡಿಕೊಳ್ಳುವುದು ಅತ್ತೆಗೆ ಅಭ್ಯಾಸವಾಯಿತು. ಅಧಿಕಾರಿಗೆ ವರ್ಗವಾದ ಮೇಲೆ ಮ್ಯಾಂಗನೀಸ್ ಗಣಿಯ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯಲು ಸೇರಿದಳು. ಆ ಬಟ್ಟೆಗಳ ವಿಷಯ ಹೇಳುವಾಗಲೆಲ್ಲ ಅತ್ತೆಯ ಮೂಗು ತಾನಾಗಿ ಮುದುಡುತ್ತಿತ್ತು. ಗಣಿಯಾಳುಗಳ ಬೆವರಿನ ಜೊತೆ ಕಪ್ಪು ಬರುತ್ತಿತ್ತು. ದಿಂಬಿನ ಮೇಲೆ ಕಪ್ಪು ಕಫ, ಹಾಸಿಗೆಯ ಮೇಲೆ ಮನುಷ್ಯನ ಆಕಾರದ ಕಪ್ಪು ಕಲೆ. ಎಷ್ಟು ತಿಕ್ಕಿದರೂ ನೀರು ಮಸಿಯ ಹಾಗೇ ಹರಿಯುತ್ತಿತ್ತು. ಆ ಕಪ್ಪು ದಿಂಬಿನ ತನಕ ಬಂದಿದೆ ಎಂದರೆ ಒಳಗೆ ಎಲ್ಲಿಯ ತನಕ ಹೋಗಿರಬೇಕು ಎಂದು ಆಗಲೇ ಅನ್ನಿಸುತ್ತಿತ್ತಂತೆ. ಆದರೆ ಒಗೆಯುವವಳನ್ನು ಯಾರು ಕೇಳುತ್ತಾರೆ.

ಒಂದು ಬೆಳಿಗ್ಗೆ ಡಾಕ್ಟರ್ ಒಬ್ಬ ಮುದುಕನ ಮೇಲೆ ಕೂಗಾಡುತ್ತಿದ್ದ. ಮುದುಕನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಬುಟ್ಟಿ ಹೊತ್ತು ಹೋಗುತ್ತಿದ್ದ ಅತ್ತೆ ಬಾಗಿಲಲ್ಲೇ ನಿಂತು ಎರಡೂ ಕಡೆಯ ಮಾತನ್ನು ತಿರುಗಿಸಿ ಕೊಟ್ಟಳು. ಮಾರನೇ ದಿನದಿಂದ ಅವಳಿಗೆ ಬಿಳಿ ನಿಲುವಂಗಿ ಬಂತು. ಇಪ್ಪತ್ತೈದು ವರ್ಷದ ಗಂಡ ಬಿಟ್ಟ ಹೆಣ್ಣು ಡಾಕ್ಟರ ಪಕ್ಕದಲ್ಲಿ ನಿಲ್ಲುತ್ತಾಳೆ ಎಂದರೆ ನಮ್ಮ ತಿಫರ್ನಿನ್ ಊರಿನಲ್ಲಿ ಅದು ಮಾತಾಡಿಕೊಳ್ಳುವ ವಿಷಯವೇ. ಮೊದಮೊದಲು ಜನ ಹೆಮ್ಮೆಯಿಂದ ಮಾತಾಡಿಕೊಂಡರು.

ಫೂರ್ನೆಲ್ ಕೇಳುತ್ತಿದ್ದದ್ದು ಮೂರೇ ಪ್ರಶ್ನೆ. ಎಲ್ಲಿ ನೋವು. ಯಾವಾಗಿನಿಂದ. ಕುಡೀತೀಯಾ. ಮೂರನೆಯದಕ್ಕೆ ಉತ್ತರ ಬರುವ ಮೊದಲೇ ಅವನ ಪೆನ್ನು ಓಡುತ್ತಿತ್ತು. ಬಂಡೆ ಬಿದ್ದು ಕಾಲು ಮುರಿದರೆ ಅದು ಗಣಿಯ ಅಪಘಾತ, ಕಂಪನಿ ನೋಡಿಕೊಳ್ಳಬೇಕು. ಮಿಕ್ಕವರಿಗೆ ಅವನಲ್ಲಿ ಮೂರು ಪದಗಳಿದ್ದವು: ಸೋಮಾರಿ, ಮುದುಕ, ಕುಡುಕ. ಇವು ಯಾವುದಕ್ಕೂ ಕಂಪನಿ ಹೊಣೆಯಲ್ಲ. ನಡುಗುತ್ತಾ ಬಂದವರೆಲ್ಲ ಮೂರನೇ ಪದಕ್ಕೆ ಹೋಗುತ್ತಿದ್ದರು.

ನಡುಗುತ್ತಾ ಬಂದವರಲ್ಲಿ ಮೊದಲಿಗ ಬಾಹಾ ಎಂಬ ಕೊರೆಯುವವ. ಸುರಂಗದ ಕೊನೆಯಲ್ಲಿ ಯಂತ್ರ ಹಿಡಿದು ಬಂಡೆಗೆ ತೂತು ಹಾಕುವವರಿಗೆ ನಾವು ಹಾಗೆ ಅನ್ನುತ್ತಿದ್ದೆವು. ಧೂಳು ಮೊದಲು ಬೀಳುವುದು ಅವರ ಬಾಯಿಗೆ. ಬಾಹಾ ತನ್ನ ತಾಯಿಯನ್ನು ಮಣ್ಣು ಮಾಡುವಾಗ ನಕ್ಕ. ಒಂದು ಸಲ ಅಲ್ಲ, ಬಿದ್ದು ಬಿದ್ದು ನಕ್ಕ. ಕಣ್ಣಲ್ಲಿ ಮಾತ್ರ ನಗುವಿರಲಿಲ್ಲ. ಆಮೇಲೆ ಹುಂಜದ ಹಾಗೆ ತುದಿಗಾಲಿನಲ್ಲಿ, ಮೊಣಕೈ ಮಡಚಿಕೊಂಡು ನಡೆಯತೊಡಗಿದ. ಹಿಂದಿನಿಂದ ಯಾರಾದರೂ ಕರೆದು ಅವನು ತಿರುಗಲು ಹೋದರೆ ಬೆನ್ನಡಿಯಾಗಿ ಮರದ ಹಲಗೆಯಂತೆ ಬೀಳುತ್ತಿದ್ದ. ಕುಡುಕ, ಎಂದ ಫೂರ್ನೆಲ್. ಕುಡುಕ, ಎಂದಳು ಅತ್ತೆ ನಮ್ಮ ಭಾಷೆಯಲ್ಲಿ. ಕೆಲಸ ಹೋಯಿತು, ಕಂಪನಿಯ ಮನೆ ಹೋಯಿತು.

ಬಾವಿಯ ಹತ್ತಿರ ಬಾಹಾನ ಹೆಂಡತಿ ಹ್ಜೂ ಅತ್ತೆಯ ದಾರಿಗೆ ಅಡ್ಡ ನಿಂತಳು.

"ನನ್ನ ಗಂಡ ಕುಡೀತಾನೆ ಅಂದ್ಯಲ್ಲ ತೂದಾ, ಎಲ್ಲಿ ಕುಡಿದ ಹೇಳು. ಯಾವ ಅಂಗಡೀಲಿ, ಯಾರ ಜೊತೆ?"

"ನಾನಂದಿದ್ದಲ್ಲ ಕಣೇ. ಡಾಕ್ಟರ್ ಅಂದಿದ್ದು."

"ಡಾಕ್ಟರ್ ಏನು ಗೊಣಗಿದನೋ ನನಗೇನು ಗೊತ್ತು? ನನ್ನ ಕಿವೀಗೆ ಬಿದ್ದಿದ್ದು ನಿನ್ನ ದನಿ. ಮೊದಲು ಹೋಗಿ ಬಾಯಿ ತೊಳ್ಕೊ."

ಎಂದು ಅವಳ ಕಾಲ ಬಳಿ ಉಗಿದಳು. ಅಲ್ಲಿದ್ದ ಹೆಂಗಸರು ಯಾರೂ ಹ್ಜೂಳನ್ನು ತಡೆಯಲಿಲ್ಲ. ಅಂದಿನಿಂದ ಅತ್ತೆಗೆ 'ಕಂಪನಿಯ ನಾಲಿಗೆ' ಎಂಬ ಹೆಸರು ಬಂತು. ಅತ್ತೆ ಕೆಲಸ ಬಿಡಲಿಲ್ಲ. ಬಿಟ್ಟರೆ ತಾತನ ಮನೆಯ ಮೂಲೆಯಲ್ಲಿ ಬಾರ್ಲಿ ಬೀಸುತ್ತಾ ಕೂರಬೇಕು. ಇದನ್ನು ಅವಳು ನನ್ನೆದುರು ಮುಚ್ಚಿಡಲಿಲ್ಲ. "ಹೊಟ್ಟೆಪಾಡು ಅಂತ ಹೇಳಿದೆ ಕಣೇ, ಇನ್ಯಾವ ದೊಡ್ಡ ಕಾರಣಾನೂ ಇರ್ಲಿಲ್ಲ," ಎನ್ನುತ್ತಿದ್ದಳು.

ಅಪ್ಪನ ಹೆಸರು ಬಿಹಿ. ಅವರೂ ಕೊರೆಯುವವರೇ. ಫ್ರೆಂಚರಿಂದ ದೇಶಕ್ಕೆ ಸ್ವಾತಂತ್ರ್ಯ ಬಂದು ಒಂದು ವರ್ಷವಾಗಿತ್ತು; ಗಣಿಗೆ ಬಂದಿರಲಿಲ್ಲ. ನನಗೆ ಒಂಬತ್ತು ವರ್ಷ. ಮೊದಲು ಅಪ್ಪನ ನಿದ್ದೆ ಹೋಯಿತು, ಆಮೇಲೆ ದನಿ ಸಣ್ಣದಾಯಿತು. ಒಂದೇ ಎಳೆಯಲ್ಲಿ, ಏರಿಳಿತವಿಲ್ಲದೆ ಮಾತಾಡುತ್ತಿದ್ದರು. ಮುಖ ಹೆಪ್ಪುಗಟ್ಟಿದ ಹಾಗಾಯಿತು. ಚಹಾದ ಲೋಟ ಹಿಡಿದರೆ ಕೈ ಸಣ್ಣಗೆ ಅದುರುತ್ತಿತ್ತು. ಒಂದು ಸಂಜೆ ಅಮ್ಮ ಸಕ್ಕರೆ ಮುಗಿದಿದೆ ಎಂದದ್ದಕ್ಕೆ ನಗತೊಡಗಿದವರು ನಿಲ್ಲಿಸಲಾಗದೆ ಜೊಲ್ಲು ಸುರಿಯುವ ತನಕ ನಕ್ಕರು. ಅಮ್ಮ ಹಿತ್ತಲಿಗೆ ಹೋಗಿ ಅತ್ತಳು.

ಆಸ್ಪತ್ರೆಯಲ್ಲಿ ಅಪ್ಪ ಮೇಜಿನ ಮುಂದೆ ನಿಂತರು. ಅತ್ತೆ ಡಾಕ್ಟರ ಪಕ್ಕ ನಿಂತಿದ್ದಳು. ಮೂರು ಪ್ರಶ್ನೆಗಳಾದವು. ಮೂರನೆಯದಕ್ಕೆ ಅತ್ತೆ ತಾನೇ ಫ್ರೆಂಚಿನಲ್ಲಿ ಉತ್ತರ ಕೊಟ್ಟಳು: "ಇವರು ನನ್ನ ಅಣ್ಣ, ಯಜಮಾನರೇ. ಕುಡಿಯೋದಿಲ್ಲ."

ಫೂರ್ನೆಲ್ ತಲೆ ಎತ್ತಲಿಲ್ಲ. "ಎಲ್ಲರೂ ಯಾರದ್ದೋ ಅಣ್ಣಂದಿರೇ. ಕುಡುಕ ಅಂತ ಬರೆದಿದೀನಿ, ಅವನಿಗೆ ಹೇಳು."

ಅತ್ತೆ ಹೇಳಿದಳು. "ನೀನು ಕುಡುಕ, ಅದಕ್ಕೇ ಕೈ ನಡುಗ್ತಿದೆ, ನಾಳೆಯಿಂದ ಬರಬೇಡ."

ಅಪ್ಪ ಕೇಳಿದ್ದು ಒಂದೇ ಮಾತು. "ನೀನೂ ಹಾಗೇ ಅಂತೀಯಾ ತೂದಾ?"

ಅವಳು ಮುಂದಿನವನನ್ನು ಕರೆದಳು.

ಆಮೇಲಿನ ವರ್ಷಗಳನ್ನು ನೆನೆದರೆ ನನಗೆ ಈಗಲೂ ಬಾಯಿ ಕಹಿಯಾಗುತ್ತದೆ. ಗಣಿಯ ಮನೆ ಬಿಟ್ಟು ಊರಿನ ಹಳೇ ಮನೆಗೆ ಬಂದೆವು. ಮಸೀದಿಯಲ್ಲಿ ಅಪ್ಪ ನಿಂತ ಸಾಲಿನಲ್ಲಿ ಎರಡೂ ಪಕ್ಕ ಜಾಗ ಖಾಲಿ ಬೀಳುತ್ತಿತ್ತು. ಬಗ್ಗಿ ಏಳುವಾಗ ಅಪ್ಪ ಹಿಂದಕ್ಕೆ ಉರುಳುತ್ತಿದ್ದರು. ಜನ ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು, ಇಲ್ಲದ ವಾಸನೆಗೆ. ಎಲ್ಲಕ್ಕಿಂತ ಅಸಹ್ಯವಾದದ್ದು ನಮ್ಮ ಮನೆಯೊಳಗೇ ನಡೆಯುತ್ತಿತ್ತು. ಅಪ್ಪ ಹೊರಗಿನಿಂದ ಬಂದ ಕೂಡಲೇ ಅಮ್ಮ ಅವರ ಹತ್ತಿರ ಹೋಗಿ ಬಾಯಿ ಮೂಸುತ್ತಿದ್ದಳು. ಅವಳಿಗೂ ನಂಬಿಕೆ ಹೋಗಿತ್ತು. ಓದಿದ ಡಾಕ್ಟರ್ ಹೇಳಿದ್ದಾನೆ, ಸ್ವಂತ ತಂಗಿ ಹೇಳಿದ್ದಾಳೆ. ಅಪ್ಪ ಬಾಯಿ ತೆರೆದು ನಿಲ್ಲುತ್ತಿದ್ದರು. ಗಡ್ಡದ ಮೇಲೆ ಮಧ್ಯಾಹ್ನದ ಗಂಜಿ ಒಣಗಿರುತ್ತಿತ್ತು.

ಡಾಕ್ಟರ್ ಫೂರ್ನೆಲನ ದಿನ ಎಂಟಕ್ಕೆ ಹತ್ತು ನಿಮಿಷ ಇರುವಾಗ ಶುರುವಾಗುತ್ತಿತ್ತು. ಅವನ ಕೈಯ ಬೀಗದ ಕೈ ಬೀಗದ ತೂತನ್ನು ಹುಡುಕಿ ಹುಡುಕಿ ಸೋಲುತ್ತಿತ್ತು. ಅತ್ತೆಯೇ ತೆಗೆದುಕೊಡುತ್ತಿದ್ದಳು. ಔಷಧದ ಬೀರುವಿನ ಕೆಳಗಿನ ಅರೆಯಲ್ಲಿ ಸೋಂಪಿನ ವಾಸನೆಯ ಸಾರಾಯಿ ಬಾಟಲಿ. ಅದನ್ನು ಲೋಟಕ್ಕೆ ಬಗ್ಗಿಸಿ, ನೀರು ಬೆರೆಸಿ, ಮೊದಲ ನಾಲ್ಕು ಗುಟುಕನ್ನು ಅವಳೇ ಅವನ ತುಟಿಗೆ ಹಿಡಿಯಬೇಕು. ಅವನು ಹಿಡಿದರೆ ಎಲ್ಲ ಅಂಗಿಯ ಮೇಲೆ. ಬೆವರು, ಕೆಂಪು ಕಣ್ಣು, ಹಳಸಿದ ಬಾಯಿ. ಅರ್ಧ ಗಂಟೆ ಕಳೆದರೆ ಅದೇ ಕೈ ಗಾಯಕ್ಕೆ ಹೊಲಿಗೆ ಹಾಕುವಷ್ಟು ನೆಟ್ಟಗೆ. ಹಲವು ವರ್ಷ ಇದನ್ನು ಮಾಡಿದ್ದರೂ ಅತ್ತೆ ಇದರ ಬಗ್ಗೆ ಯೋಚಿಸಿರಲಿಲ್ಲ. ಪಾತ್ರೆ ತಿಕ್ಕುವಂತೆ ಇದೂ ಒಂದು ಕೆಲಸ.

ಅಪ್ಪನನ್ನು ಹೊರಗೆ ಹಾಕಿದ ಕೆಲವು ವಾರಕ್ಕೆ, ಒಂದು ಬೆಳಿಗ್ಗೆ ಲೋಟ ಹಿಡಿದಿದ್ದ ಅತ್ತೆ ಅವನ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಲೋಟ ಮೇಜಿನ ಮೇಲಿಟ್ಟು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ಕುಡುಕನ ಕೈ ಅಂದರೆ ಇದು. ಕುಡಿತ ಸಿಗದಿದ್ದಾಗ ನಡುಗುತ್ತದೆ, ಸಿಕ್ಕರೆ ನಿಲ್ಲುತ್ತದೆ. ಈ ಕೈಯೇ ಪೆನ್ನು ಹಿಡಿದು ಉಳಿದವರನ್ನು ಕುಡುಕರೆಂದು ಬರೆಯುತ್ತದೆ. ಅದನ್ನು ಅವಳ ಬಾಯಿ ತಿರುಗಿಸಿ ಹೇಳುತ್ತದೆ.

ಆ ಸಂಜೆ ನಮ್ಮ ಮನೆಗೆ ಬಂದಳು. ಅಮ್ಮ ಅವಳಿಗೆ ಚಾಪೆ ಹಾಕಲಿಲ್ಲ. ಅತ್ತೆ ನೆಲದ ಮೇಲೇ ಕೂತು ಅಪ್ಪನ ಕೈಗಳನ್ನು ತೊಡೆಯ ಮೇಲೆ ಇಡಿಸಿ ನೋಡಿದಳು. ಸುಮ್ಮನಿದ್ದವು. ತುಂಬಿದ ಲೋಟ ಕೊಟ್ಟಳು, ಅದುರಿದವು. ಎದ್ದು ನಡೆಯಲು ಹೇಳಿದಳು, ತುದಿಗಾಲು. ಹಿಂದಕ್ಕೆ ನಡೆಯಲು ಹೇಳಿದಳು. ಎರಡನೇ ಹೆಜ್ಜೆಗೆ ಬಿದ್ದವರನ್ನು ತಾನೇ ಹಿಡಿದಳು.

"ಏನು ತಮಾಷೆ ಇದು?" ಎಂದಳು ಅಮ್ಮ. "ಮನೆ ಹಾಳು ಮಾಡಿದ್ದು ಸಾಲದೇನೇ?"

"ಬೆಳಿಗ್ಗೆ ಬಂದು ನೋಡ್ತೀನಿ ಅತ್ತಿಗೆ," ಎಂದಳು ಅತ್ತೆ.

ಬೆಳಿಗ್ಗೆ ಬಂದಾಗಲೂ ಅಷ್ಟೇ ನಡುಕ, ಅದೇ ನಡಿಗೆ. ಅಪ್ಪನ ಕೈಗೆ ಬೆಳಗು ಸಂಜೆಯ ಭೇದವಿರಲಿಲ್ಲ, ಯಾವ ಲೋಟಕ್ಕೂ ಅದು ಕಾಯುತ್ತಿರಲಿಲ್ಲ.

ಅಲ್ಲಿಂದ ಅವಳು ಕೈಗಳನ್ನು ನೋಡತೊಡಗಿದಳು. ಓದು ಬರಹ ಬಾರದವಳು, ಕಣ್ಣಿನಲ್ಲೇ ಇಟ್ಟುಕೊಂಡಳು. ಸಂತೆಯಲ್ಲಿ ಧಾನ್ಯ ಮಾರುವ ಮುದುಕನ ಬಲಗೈ ತೊಡೆಯ ಮೇಲೆ ಸುಮ್ಮನಿದ್ದಾಗಲೇ ಹೆಬ್ಬೆರಳು ತೋರುಬೆರಳು ಗೋಲಿ ಉರುಳಿಸಿದಂತೆ ಆಡುತ್ತಿತ್ತು. ತಕ್ಕಡಿ ಹಿಡಿದ ಕೂಡಲೇ ಆಟ ನಿಲ್ಲುತ್ತಿತ್ತು. ಅವನು ಗಣಿಯ ಬಾಯನ್ನೇ ಕಂಡವನಲ್ಲ. ಅದು ವಯಸ್ಸಿನ ಜೊತೆ ಬಂದ ಬೇರೆಯೇ ಕಾಯಿಲೆ, ಒಂದು ಕಡೆಯಿಂದ ಶುರುವಾಗಿ ನಿಧಾನವಾಗಿ ಇನ್ನೊಂದು ಕಡೆಗೆ ಹರಡುತ್ತದೆ. ಕುತ್ತಿಗೆ ಊದಿದ, ಕಣ್ಣು ಹೊರಚಾಚಿದ ಒಬ್ಬ ಹೆಂಗಸು ಬರುತ್ತಿದ್ದಳು. ಚಳಿಗಾಲದಲ್ಲೂ ಸೆಕೆ ಎನ್ನುವಳು, ಎಷ್ಟು ತಿಂದರೂ ಒಣಗುವಳು. ಚಾಚಿದ ಅವಳ ಬೆರಳುಗಳ ನಡುಕ ಕಣ್ಣಿಗೆ ಕಾಣದಷ್ಟು ಸಣ್ಣದು, ಮೇಲೆ ಕಾಗದ ಇಟ್ಟರೆ ಮಾತ್ರ ಕಾಗದ ಪಟಪಟ ಅನ್ನುತ್ತಿತ್ತು. ಅದು ಕುತ್ತಿಗೆಯ ಗಂಟಿನ ಕೆಲಸ. ಫೂರ್ನೆಲ್ ಅವಳಿಗೆ 'ನರದ ದೌರ್ಬಲ್ಯ' ಎಂದು ಬರೆದು ಕಳಿಸಿದ. ಆರು ತಿಂಗಳಿಗೆ ಸತ್ತಳು. ಹೆಂಗಸಾದ್ದರಿಂದ ಕುಡುಕಿ ಎನ್ನಲಿಲ್ಲ, ಅಷ್ಟು ಮರ್ಯಾದೆ ಇತ್ತು ಅವನಿಗೆ.

ಇನ್ನೂ ಎರಡು ವರ್ಷ ಅತ್ತೆ ಬಾಯಿ ಮುಚ್ಚಿಕೊಂಡು ಅದೇ ಮಾತನ್ನು ತಿರುಗಿಸುತ್ತಿದ್ದಳು. ಇದನ್ನೂ ಬರೆಯಬೇಕು. ನೋಡಿದಳು, ತಿಳಿದುಕೊಂಡಳು, ಆದರೂ ಹೇಳುತ್ತಿದ್ದಳು.

ಯೆದ್ದೆರ್ ಎಂಬವನು ಬಂದ ದಿನ ಅದು ಮುಗಿಯಿತು. ಇಪ್ಪತ್ತನಾಲ್ಕು ವರ್ಷ, ಕೊರೆಯಲು ಸೇರಿ ಹದಿನಾಲ್ಕು ತಿಂಗಳು. ನಿದ್ದೆ ಬರುತ್ತಿಲ್ಲ, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಸುಮ್ಮಸುಮ್ಮನೆ ನಗು ಬರುತ್ತದೆ ಎಂದ. ಬಾಗಿಲಿನಿಂದ ಮೇಜಿನ ತನಕ ಅವನು ನಡೆದು ಬಂದದ್ದರಲ್ಲೇ ಅತ್ತೆಗೆ ತಿಳಿಯಿತು. ಹಿಮ್ಮಡಿ ಇನ್ನೂ ಪೂರ್ತಿ ಎದ್ದಿರಲಿಲ್ಲ, ಏಳತೊಡಗಿತ್ತು.

ಫೂರ್ನೆಲ್ ಬರೆದು ಮುಗಿಸಿ, "ಕುಡುಕ. ಹೇಳು," ಎಂದ.

ಅತ್ತೆ ಯೆದ್ದೆರ್ ಕಡೆಗೆ ತಿರುಗಿ ಎಂದಿನ ದನಿಯಲ್ಲೇ ಹೇಳಿದಳು. "ನೀನು ಕುಡುಕ ಅಂತ ಬರೆದಿದಾನೆ. ಸುಳ್ಳು. ಇದು ಆ ಕಪ್ಪು ಧೂಳು ತಲೆಗೆ ಹತ್ತಿರೋದು. ನನ್ನ ಅಣ್ಣನಿಗೂ ಬಾಹಾನಿಗೂ ಆಗಿದ್ದು ಇದೇ. ನಿಂದು ಇನ್ನೂ ಶುರುವಿನಲ್ಲಿದೆ. ಇವತ್ತೇ ಬಿಟ್ಟು ಹೋಗು, ನಾಳೆ ಅನ್ಬೇಡ. ಕೂಲಿ ಆಸೆಗೆ ಮತ್ತೆ ಇಳಿದರೆ ಹುಂಜ ಆಗ್ತೀಯ."

"ಇವನ ಮುಂದೇನೇ ಹೇಳ್ತಿದೀಯಲ್ಲಕ್ಕಾ," ಎಂದ ಅವನು ಹೆದರಿ.

"ಹನ್ನೊಂದು ವರ್ಷದಲ್ಲಿ ಅವನು ನಮ್ಮ ಭಾಷೇಲಿ ಕಲ್ತಿರೋದು ನಾಯೀನ ಓಡಿಸೋ ಮಾತೊಂದೇ. ತಲೆ ಆಡಿಸಿ ಎದ್ದು ಹೋಗು."

ಯೆದ್ದೆರ್ ಗಣಿ ಬಿಟ್ಟ, ಆದರೆ ಬಾಯಿ ಮುಚ್ಚಲಿಲ್ಲ. ವಾರದೊಳಗೆ ಆ ಮಾತು ಮೇಸ್ತ್ರಿಯ ಕಿವಿಗೆ ಬಿದ್ದು ಅಲ್ಲಿಂದ ಕಂಪನಿಯ ಕಚೇರಿ ಸೇರಿತು. ಅತ್ತೆಯ ಬಿಳಿ ನಿಲುವಂಗಿ ಬಿಚ್ಚಿಸಿ ಮತ್ತೆ ಒಗೆಯುವ ಕಲ್ಲಿಗೆ ಕಳಿಸಿದರು. ಕೆಲಸದಿಂದಲೇ ತೆಗೆಯಬಹುದಿತ್ತು. ಎಲ್ಲರ ಕಣ್ಣೆದುರು ಇರಲಿ ಎಂದು ಇಟ್ಟುಕೊಂಡರು. ಅವಳ ಜಾಗಕ್ಕೆ ಮೇಸ್ತ್ರಿಯ ಅಳಿಯ ಮುಕ್ತಾರ್ ಬಂದ.

ಮರುವರ್ಷ, ಅರವತ್ತೊಂದರಲ್ಲಿ, ರಾಜಧಾನಿ ರಬಾತಿನಿಂದ ಸರ್ಕಾರದ ಡಾಕ್ಟರ್ ಬಂದರು. ಬೇರೆ ಬೇರೆ ಊರುಗಳಿಂದ ದೂರು ಹೋಗಿ, ಗಣಿಯಾಳುಗಳ ಆರೋಗ್ಯ ನೋಡಿ ವರದಿ ಕೊಡಲು ಕಳಿಸಿದ್ದರು. ಇದ್ರಿಸ್ ಬೆನ್ಝಕೂರ್ ಅಂತ, ಫೆಸ್ ಪಟ್ಟಣದವರು. ಹೊಳೆಯುವ ಬೂಟು, ಮೂಗಿಗೆ ಕರವಸ್ತ್ರ. ಅರಬಿ ಬರುತ್ತಿತ್ತು, ಫ್ರೆಂಚ್ ಬರುತ್ತಿತ್ತು, ನಮ್ಮ ಭಾಷೆ ಬರುತ್ತಿರಲಿಲ್ಲ. ಕಂಪನಿ ಮುಕ್ತಾರನನ್ನು ಅವರ ಪಕ್ಕ ನಿಲ್ಲಿಸಿತು.

ಒಗೆಯುವ ಕಲ್ಲು ಆ ಕೋಣೆಯ ಕಿಟಕಿಯ ಕೆಳಗೇ ಇತ್ತು. ಒಬ್ಬ ಗಣಿಯಾಳು ಒಳಗೆ ಹೇಳುತ್ತಿದ್ದ: "ಮೂರು ತಿಂಗಳಿಂದ ನಿದ್ದೆ ಇಲ್ಲ ಸ್ವಾಮಿ, ಹಿಂದಕ್ಕೆ ಹೆಜ್ಜೆ ಇಟ್ರೆ ಬೀಳ್ತೀನಿ." ಮುಕ್ತಾರ್ ಅದನ್ನು ಫ್ರೆಂಚಿನಲ್ಲಿ, "ರಾತ್ರಿ ಎಲ್ಲಾ ಕುಡೀತಾ ಕೂರ್ತಾನಂತೆ, ಅದಕ್ಕೇ ಬೀಳ್ತಾನಂತೆ," ಎಂದು ಮುಟ್ಟಿಸಿದ.

ಅತ್ತೆ ಒದ್ದೆ ಕೈಯಲ್ಲೇ ಕಿಟಕಿಗೆ ಬಂದು ಫ್ರೆಂಚಿನಲ್ಲಿ ಹೇಳಿದಳು. "ಆತ ಹಾಗೆ ಹೇಳ್ಲಿಲ್ಲ ಡಾಕ್ಟ್ರೇ."

ಬೆನ್ಝಕೂರರಿಗೆ ಕೋಪ ಬಂತು, ಒಗೆಯುವವಳು ಕಿಟಕಿಯಲ್ಲಿ ತಲೆ ಹಾಕಿದ್ದಕ್ಕೆ. "ಯಾರು ನೀನು?"

"ಹನ್ನೊಂದು ವರ್ಷ ಆ ಜಾಗದಲ್ಲಿ ನಿಂತು ಸುಳ್ಳು ಹೇಳಿದವಳು. ಅದಕ್ಕೇ ಬೇರೆಯವರು ಹೇಳಿದ್ರೆ ಗೊತ್ತಾಗತ್ತೆ."

ಅವರು ಕರವಸ್ತ್ರ ಕೆಳಗಿಳಿಸಿದರು. ಆಮೇಲೆ ಮುಕ್ತಾರನನ್ನು ಹೊರಗೆ ಕಳಿಸಿ ಅವಳನ್ನು ಒಳಗೆ ಕರೆದರು.

ಎರಡು ದಿನ ಪರೀಕ್ಷೆ ನಡೆಯಿತು. ಅತ್ತೆ ಎಲ್ಲರನ್ನೂ ಅಂಗಳಕ್ಕೆ ಕರೆಸಿ ಹಿಂದಕ್ಕೆ ನಡೆಸಿದಳು, ಪ್ರತಿಯೊಬ್ಬನ ಬೆನ್ನ ಹಿಂದೆ ತಾನು ನಿಂತು. ಹನ್ನೊಂದು ಜನ ಅವಳ ತೋಳಿಗೆ ಬಿದ್ದರು. ಬೆನ್ಝಕೂರ್ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ತಾವೇ ಬೂಟು ಧೂಳು ಮಾಡಿಕೊಂಡು ಪಕ್ಕ ನಿಂತರು. ಬೆರಳಿನಿಂದ ಮೂಗು ಮುಟ್ಟಿಸಿದರು, ಬೆರಳ ಮೇಲೆ ಕಾಗದ ಇಟ್ಟರು, ಹೆಸರು ಬರೆಯಬಲ್ಲವರಿಂದ ಬರೆಸಿದರು. ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟು ಸಣ್ಣದಾಗುತ್ತಿತ್ತು.

"ಇವರು ಕುಡಿಯೋದಿಲ್ಲ ಅಂತ ನೀನು ಹೇಗೆ ಹೇಳ್ತೀಯಮ್ಮಾ?" ಎಂದು ಕೇಳಿದರು.

"ಕುಡುಕನ ಕೈ ನನಗೆ ಗೊತ್ತು. ನಾಳೆ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಬನ್ನಿ, ನಿಮಗೂ ತೋರಿಸ್ತೀನಿ."

ಅವರು ಬಂದರು. ಫೂರ್ನೆಲ್ ಬೀಗದ ಮುಂದೆ ನಿಂತು ಬೀಗದ ಕೈಯಿಂದ ತೂತನ್ನು ಹುಡುಕುತ್ತಿದ್ದ. ಇಬ್ಬರು ಡಾಕ್ಟರುಗಳೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅತ್ತೆ ಮುಂದೆ ಹೋಗಿ ಬೀಗ ತೆಗೆಯಲಿಲ್ಲ. ಬೆನ್ಝಕೂರ್ ತಿರುಗಿ ಹೋಗಿ ಅಂಗಳದ ಮೂಲೆಯಲ್ಲಿ ಉಗುಳಿದರು.

ಅದೇ ಬೆಳಿಗ್ಗೆ ಅಮ್ಮನ ತಮ್ಮ ಅದ್ದಿ ಮಾವ ಅತ್ತೆಯನ್ನು ಹುಡುಕಿಕೊಂಡು ಬಂದ, ಕೈಯಲ್ಲಿ ಕಾಣಿಕೆಗೆಂದು ಗೋಪುರದಾಕಾರದ ಒಂದು ಸಕ್ಕರೆ ಗಟ್ಟಿ. ಅವನ ಕೈಯೂ ನಡುಗುತ್ತಿತ್ತು, ಚಹಾ ಬಗ್ಗಿಸಿದರೆ ಅರ್ಧ ತಟ್ಟೆಗೆ. ಮಾತಾಡುವಾಗ ತಲೆ ಸದಾ ಇಲ್ಲ ಇಲ್ಲ ಅನ್ನುವಂತೆ ಆಡುತ್ತಿತ್ತು.

"ನನ್ನ ಹೆಸರೂ ಕಾಯಿಲೆಯೋರ ಪಟ್ಟಿಗೆ ಸೇರಿಸು ತೂದಾ. ನನಗೂ ಗಣೀದೇ."

"ನೀನು ತೂಕದ ಗುಡಿಸಲಲ್ಲಿ ಕೂರೋನು ಅದ್ದಿ. ಒಂದು ದಿನಾನೂ ಕೆಳಗೆ ಇಳಿದಿಲ್ಲ."

"ಧೂಳು ಮೇಲೂ ಬರತ್ತೆ."

"ನಿಮ್ಮಮ್ಮ ಸೂಜಿಗೆ ದಾರ ಪೋಣಿಸೋಕೆ ಆಗ್ದೆ ನನ್ನ ಹತ್ರ ಕೊಡ್ತಿದ್ರು. ಅವರು ಯಾವ ಗಣೀಲಿ ಕೊರೀತಿದ್ರು? ಕೈ ತೊಡೆ ಮೇಲಿಡು. ನೋಡು, ಕಲ್ಲಿನ ಹಾಗಿದೆ. ಹಿಂದಕ್ಕೆ ನಡಿ. ಕುರಿ ಹಾಗೆ ನಡೀತೀಯ. ಇದು ನಿಮ್ಮ ಮನೆತನದ್ದು. ಇದರಿಂದ ನೀನು ಸಾಯಲ್ಲ."

"ಸ್ವಂತ ಅಣ್ಣನ್ನೇ ಕುಡುಕ ಅಂದವಳಿಗೆ ಈಗ ಸತ್ಯದ ಗೀಳು ಹಿಡೀತಾ?"

"ಹೌದು, ಅದಕ್ಕೇ. ಒಂದು ಸುಳ್ಳು ಸಿಕ್ಕಿದ್ರೆ ಕಂಪನಿಯೋರು ಇಡೀ ಪಟ್ಟೀನೇ ಹರಿದು ಹಾಕ್ತಾರೆ. ಸಕ್ಕರೆ ತಗೊಂಡು ಹೋಗು. ನೋಡಿದ್ರೇ ವಾಕರಿಕೆ ಬರತ್ತೆ."

ಮಾವ ಹೋದ, ಆದರೆ ಮಧ್ಯಾಹ್ನ ಸಾಲಿನಲ್ಲಿ ಬಂದು ನಿಂತ. ಅವನ ಲೋಟ ತುಳುಕಿದ್ದನ್ನು ನೋಡಿ ಬೆನ್ಝಕೂರ್ ಪೆನ್ನು ತೆಗೆದರು. ಅತ್ತೆ, "ಬೇಡಿ ಡಾಕ್ಟ್ರೇ, ಇದು ಇವರ ತಾಯಿಯಿಂದ ಬಂದಿದ್ದು," ಎಂದಳು. ಅವರು ಮತ್ತೊಮ್ಮೆ ಪರೀಕ್ಷೆ ಮಾಡಿ ತಲೆದೂಗಿದರು. ಸಂಜೆಯ ಹೊತ್ತಿಗೆ ಅಮ್ಮ ತನ್ನ ನಾದಿನಿಯ ಜೊತೆ ಮಾತು ಬಿಟ್ಟಳು. ಗಂಡನನ್ನು ಕುಡುಕ ಎಂದಾಗ ಬಿಡದಿದ್ದ ಮಾತನ್ನು ತಮ್ಮನನ್ನು ಆರೋಗ್ಯವಂತ ಎಂದದ್ದಕ್ಕೆ ಬಿಟ್ಟಳು. ನನಗೆ ನಮ್ಮ ಮನೆಯವರೇ ಹೇಸಿಗೆ ಅನ್ನಿಸಿದ್ದು ಆಗ. ಹದಿಮೂರು ವರ್ಷ ನನಗೆ.

ಮೂರನೇ ದಿನ ಅತ್ತೆ ಬೆನ್ಝಕೂರರನ್ನು ಹೇಸರಗತ್ತೆಯ ಮೇಲೆ ನಮ್ಮ ಮನೆಗೆ ಕರೆತಂದಳು. ಆ ಹೊತ್ತಿಗೆ ಅಪ್ಪ ಎದ್ದು ನಡೆಯುತ್ತಿರಲಿಲ್ಲ. ಮೂತ್ರದ ವಾಸನೆ ಇದ್ದರೂ ಡಾಕ್ಟರ್ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ, ಪಕ್ಕದಲ್ಲೇ ಕೂತು ಕೈಕಾಲು ಮಡಿಸಿ ಚಾಚಿ ನೋಡಿದರು. "ಗಣಿಯದೇ. ಅನುಮಾನವೇ ಇಲ್ಲ," ಎಂದರು.

ಅತ್ತೆ ಅಪ್ಪನ ಕಿವಿಯ ಹತ್ತಿರ ಬಗ್ಗಿದಳು. "ಅಣ್ಣಾ, ಇವರು ದೊಡ್ಡ ಡಾಕ್ಟರು. ನೀನು ಕುಡುಕ ಅಲ್ಲ ಅಂತಿದಾರೆ. ನಾನೂ ಅಂತಿದೀನಿ. ಆವತ್ತು ನಾನು ಹೇಳಿದ್ದು ಸುಳ್ಳು, ಹೇಳುವಾಗಲೇ ನನಗೆ ಗೊತ್ತಿತ್ತು."

ಅಪ್ಪ ನಗತೊಡಗಿದರು. ಬಹಳ ಹೊತ್ತು ನಕ್ಕರು. ಅದು ಕಾಯಿಲೆಯ ನಗುವೋ ಅವರದೇ ನಗುವೋ ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ, ಅತ್ತೆಯೂ ಸೇರಿ. ಅವಳು ಅವರ ಗಲ್ಲ ಒರೆಸಿ ಎದ್ದಳು. ಅಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಅವಳೂ ಕೇಳಿಸಿಕೊಂಡಿದ್ದಳು.

ವರದಿ ಹೋಯಿತು. ಒಂದು ವರ್ಷದ ನಂತರ ಉತ್ತರ ಬಂತು. ಗಣಿಯ ಧೂಳಿನಿಂದ ಬರುವ ಕಾಯಿಲೆ ಎಂದು ಒಪ್ಪಿಕೊಂಡರು. ಅಂಗಳದಲ್ಲಿ ಬಿದ್ದ ಹನ್ನೊಂದು ಜನರಿಗೆ ಪಿಂಚಣಿ ಸಿಕ್ಕಿತು. ಧೂಳು ಏಳದಂತೆ ಬಂಡೆಗೆ ನೀರು ಹಾಯಿಸಿ ಕೊರೆಯಬೇಕೆಂದು ನಿಯಮ ಬಂತು. ಆದರೆ ಹಿಂದೆಯೇ ಕೆಲಸದಿಂದ ತೆಗೆದವರ ಆಸ್ಪತ್ರೆಯ ಕಾರ್ಡಿನಲ್ಲಿ ಏನು ಬರೆದಿದೆಯೋ ಅದೇ ಲೆಕ್ಕ. ಅದನ್ನು ತಿದ್ದಬೇಕಾದರೆ ಬರೆದ ಡಾಕ್ಟರೇ ತಿದ್ದಬೇಕು. ಬರೆದ ಡಾಕ್ಟರ್ ಆಗಲೇ ಹಡಗು ಹತ್ತಿ ತನ್ನ ದೇಶಕ್ಕೆ ಹೋಗಿದ್ದ. ಬೆನ್ಝಕೂರ್ ಅವನಿಗೆ ಎರಡು ಪತ್ರ ಬರೆದರು, ಉತ್ತರ ಬರಲಿಲ್ಲ. ಬಾಹಾ ಕುಡುಕನಾಗಿಯೇ ಸತ್ತ. ನನ್ನ ಅಪ್ಪನೂ ಹಾಗೆಯೇ, ಅರವತ್ತನಾಲ್ಕರ ಚಳಿಗಾಲದಲ್ಲಿ. ಮಣ್ಣಿಗೆ ಊರಿನವರೆಲ್ಲ ಬಂದರು. ಬದುಕಿದ್ದಾಗ ಪಕ್ಕದಲ್ಲಿ ನಿಲ್ಲದವರು ಹೆಣ ಹೊರಲು ನಾ ಮುಂದು ತಾ ಮುಂದು ಎಂದರು. ಅತ್ತೆ ಅವರ ಯಾರ ಮುಖವನ್ನೂ ನೋಡಲಿಲ್ಲ.

ದುಭಾಷಿಯ ಕೆಲಸಕ್ಕೆ ಅವಳನ್ನು ಮತ್ತೆ ಕರೆದರು. ಹೋಗುತ್ತಾಳೆ ಎಂದು ನಾನು ಅಂದುಕೊಂಡಿರಲಿಲ್ಲ. "ನಾನು ಹೋಗ್ದೇ ಇದ್ರೆ ಮುಕ್ತಾರ್ ಹೋಗ್ತಾನೆ," ಎಂದು ಬಿಳಿ ನಿಲುವಂಗಿ ಹಾಕಿಕೊಂಡು ಹೋದಳು. ಮುಂದೆ ಹತ್ತೊಂಬತ್ತು ವರ್ಷ ಅಲ್ಲೇ ಇದ್ದಳು. ಆರಾರು ತಿಂಗಳಿಗೊಮ್ಮೆ ಕೊರೆಯುವವರನ್ನೆಲ್ಲ ಅಂಗಳಕ್ಕೆ ಕರೆದು ಹಿಂದಕ್ಕೆ ನಡೆಸುತ್ತಿದ್ದಳು. ಆಮೇಲೆ ಬಂದ ಡಾಕ್ಟರುಗಳಲ್ಲಿ ಒಬ್ಬರಿಗೆ ಇದು ಹಿಡಿಸಿತು, ಇಬ್ಬರಿಗೆ ಹಿಡಿಸಲಿಲ್ಲ. ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕಾಲು ತಪ್ಪಿದವನನ್ನು ಅಂದೇ ಮೇಲಿನ ಕೆಲಸಕ್ಕೆ ಹಾಕಿಸುವ ತನಕ ಕಚೇರಿಯ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ.

ಯೆದ್ದೆರ್ ಪೂರ್ತಿ ಸರಿಹೋಗಲಿಲ್ಲ, ಕೆಡಲೂ ಇಲ್ಲ. ಬೇಗ ಬಿಟ್ಟದ್ದರಿಂದ ನಡಿಗೆ ಉಳಿಯಿತು. ಎಡಗಾಲು ಸ್ವಲ್ಪ ಎಳೆಯುತ್ತದೆ. ಮಂಗಳವಾರದ ಸಂತೆಯಲ್ಲಿ ಈರುಳ್ಳಿ ಮಾರುತ್ತಾನೆ. ಮದುವೆಯಾಗಿ ನಾಲ್ಕು ಮಕ್ಕಳು. ಅತ್ತೆ ತೀರಿಕೊಂಡ ವಾರ ನಾನು ಈರುಳ್ಳಿಗೆಂದು ಹೋದಾಗ ಅವನು ತಕ್ಕಡಿ ಕೆಳಗಿಟ್ಟು, ಅವಳ ಗೋರಿ ಯಾವ ಕಡೆಗಿದೆ ಎಂದು ಕೇಳಿದ. ಬೇಲಿಯ ಪಕ್ಕ, ಅತ್ತಿಮರದಿಂದ ಮೂರನೆಯದು ಎಂದೆ. ಸಂತೆ ಮುಗಿಯುವ ತನಕ ಕಾಯದೆ ಅಂಗಡಿಯನ್ನು ಪಕ್ಕದವನಿಗೆ ಒಪ್ಪಿಸಿ, ಕಾಲೆಳೆದುಕೊಂಡು ಆ ಕಡೆ ನಡೆದ.